ಹೊಳೆಗೆ ಎದುರಾಗಿ ಸೈಕಲ್ಲು

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊಸನಗರ ಸೀಮೆ ಹಾದು, ಸಾಗರ ತಾಲ್ಲೂಕಿಗೆ ಬಂದು, ಜೋಗದಲ್ಲಿ 253 ಮೀಟರ್ ಧುಮುಕುತ್ತಾಳೆ. ಸೈಕಲ್ ಗೆಳೆಯರು ಮಾತ್ರ ಸಾಗರದಿಂದ ಹೊರಟು ತೀರ್ಥಹಳ್ಳಿ ಮುಟ್ಟುವ ಹಟ ಹಿಡಿಯುತ್ತಾರೆ. ಹೊಳೆಗಿರುವ ಬುದ್ಧಿ ಇವರಿಗಿಲ್ಲ.

'ಎರಡೂ ಊರು ಸಮುದ್ರಮಟ್ಟದಿಂದ ಹೆಚ್ಚುಕಮ್ಮಿ 590 ಮೀಟರ್. ಸಮತಟ್ಟು ದಾರಿ ಕಣ್ರೋ!' ಎನ್ನುತ್ತಾನೆ ತಂಡದ ನಕಾಶೆ ಪಂಡಿತ. ಲೆಕ್ಕ ಸರಿಯೇ, ನಡುವಿನ ದಿಬ್ಬಗಳು ಲೆಕ್ಕಕ್ಕೆ ಸಿಕ್ಕಿಲ್ಲ, ಅಷ್ಟೆ. ಬಟ್ಟೆಮಲ್ಲಪ್ಪ ಬರುವಷ್ಟರಲ್ಲಿ ಗೇರು ಇಳಿಯುತ್ತದೆ, ಮಾತು ನಿಲ್ಲುತ್ತದೆ, ಪಂಡಿತ ಬೇಕೆಂದೇ ಹಿಂದೆ ಉಳಿಯುತ್ತಾನೆ. ದಾರಿಹೋಕರನ್ನು ಕೇಳಿದರೆ, 'ಇಲ್ಲೇ ಮುಂದೆ ಮಾರಾಯ್ರೇ!' ಆಮೇಲೆ ಮೂರು ಏರು.

ಕೆಳದಿ ಅರಸರೂ ರಾಜಧಾನಿಯನ್ನು ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ ಬಿದನೂರಿಗೆ, ಅಂದರೆ ಈಗಿನ ಹೊಸನಗರ ತಾಲ್ಲೂಕಿನ ನಗರಕ್ಕೆ, ಸಾಗಿಸಿದರು. ಅವರು ನೂರು ವರ್ಷಕ್ಕೂ ಮಿಕ್ಕಿ ಸಮಯ ತೆಗೆದುಕೊಂಡರು, ಕುದುರೆಗಳೂ ಇದ್ದವು. ಇವರಿಗೆ ಸಂಜೆಯೊಳಗೆ ಊರು ಸೇರಬೇಕು!

ಹೊಸನಗರದಲ್ಲಿ ಹೊಟ್ಟೆ ತುಂಬಿದ ಮೇಲೆ ಒಬ್ಬ, 'ಹಾಗೇ ಕವಲೇದುರ್ಗಕ್ಕೂ ಹತ್ತೋಣವಾ?' ಎಂದರೆ ಯಾರಿಗೂ ಕಿವಿ ಕೇಳಿಸುವುದಿಲ್ಲ.

ಶರಾವತಿಯ ನೀರು ಅರಬ್ಬೀ ಸಮುದ್ರಕ್ಕೆ, ತೀರ್ಥಹಳ್ಳಿಯ ತುಂಗೆಯ ನೀರು ಬಂಗಾಳಕೊಲ್ಲಿಗೆ. ನಡುವಿನ ಏರನ್ನು ತುಳಿಯುವ ಆಸೆಯಿದ್ದರೆ ಮಳೆಗಾಲ ಕಳೆದ ಮೇಲೆ ಹೊರಡಿ, ಪಂಕ್ಚರ್ ಸಾಮಾನು ಮರೆಯಬೇಡಿ.