ಸೈಡ್‌ಕಾರ್ ಕಾಕಾ

ನಿವೃತ್ತಿಯಾದ ಮೇಲೆ ಮಗ ಕೊಡಿಸಿದ ದೊಡ್ಡ ಪರದೆಯ ಫೋನಿನಲ್ಲಿ ಯೂಟ್ಯೂಬ್ ನೋಡಲು ಕಲಿತ ಬೆಳಗಾವಿಯ ಗಂಡಸರಲ್ಲಿ ಕೆಲವರು ಅಧ್ಯಾತ್ಮದ ಕಡೆ ಹೊರಳುತ್ತಾರೆ, ಕೆಲವರು ಷೇರುಪೇಟೆಯ ಕಡೆ. ಒಬ್ಬಿಬ್ಬರು ಮಾತ್ರ ಸೈಡ್‌ಕಾರ್ ಎಂಬ ಬ್ರಾಂಡಿ ಕಾಕ್‌ಟೇಲಿಗೆ ಮರುಳಾಗಿ ಸೈಡ್‌ಕಾರ್ ಕಾಕಾ ಆಗುತ್ತಾರೆ. ಟಿಳಕವಾಡಿಯಲ್ಲಿ ಒಬ್ಬರಿದ್ದಾರೆ, ಶಹಾಪುರದಲ್ಲಿ ಒಬ್ಬರು, ಕ್ಯಾಂಪಿನಲ್ಲಂತೂ ಬೀದಿಗೊಬ್ಬರು. ಬೆಳಿಗ್ಗೆ ಕೋಟೆ ಕೆರೆಯ ದಂಡೆಯಲ್ಲಿ, ಆ 110 ಮೀಟರಿನ ಧ್ವಜಸ್ತಂಭದ ಕೆಳಗೆ ಕೈಬೀಸಿ ನಡೆಯುವವರ ನಡುವೆ ಇವರನ್ನು ಗುರುತಿಸುವುದು ಸುಲಭ. ಉಳಿದವರು ಬಿ.ಪಿ., ಶುಗರ್ ಮಾತಾಡುತ್ತಿದ್ದರೆ ಇವರು ‘ಬ್ಯಾಲೆನ್ಸ್’ ಬಗ್ಗೆ ಮಾತಾಡುತ್ತಿರುತ್ತಾರೆ. ಬ್ಯಾಂಕ್ ಖಾತೆಯದ್ದಲ್ಲ, ಹುಳಿ-ಸಿಹಿಯದ್ದು.

ಕಾಕಾ ಕುಡುಕರಲ್ಲ. ಯಾರೂ ಕೇಳದಿದ್ದರೂ ಅವರೇ ಅದನ್ನು ಹೇಳುತ್ತಾರೆ.

ಈ ಸೀಮೆಯಲ್ಲಿ ಬ್ರಾಂಡಿ ಮರ್ಯಾದಸ್ಥರ ಮನೆ ಹೊಕ್ಕಿದ್ದೇ ಔಷಧಿಯ ವೇಷದಲ್ಲಿ. 1956ರವರೆಗೆ ಬೆಳಗಾವಿ ಮುಂಬಯಿ ರಾಜ್ಯದಲ್ಲಿತ್ತು, ಅಲ್ಲಿ 1949ರ ಪಾನನಿಷೇಧ ಕಾಯ್ದೆ ಇತ್ತು. ಕುಡಿಯಲು ಪರ್ಮಿಟ್ ಬೇಕು, ಪರ್ಮಿಟ್ಟಿಗೆ ಆರೋಗ್ಯದ ಕಾರಣ ನಡೆಯುತ್ತಿತ್ತು. ಸರ್ಕಾರವೇ ದಾರಿ ತೋರಿಸಿದ ಮೇಲೆ ಜನ ಕಾಯಿಲೆ ಬೀಳದೆ ಇರುತ್ತಾರೆಯೇ? ನಿಷೇಧ ಹೋಯಿತು, ಕಾಯಿಲೆ ಉಳಿಯಿತು. ಜೂನ್‌ನಲ್ಲಿ ಖಾನಾಪುರದ ಕಡೆಯಿಂದ ಮಳೆ ಹಿಡಿದರೆ ಸಾಕು, ನೆಗಡಿಗೆ ಒಂದು ಚಮಚ, ಬಾಣಂತಿಗೆ ಒಂದು ಚಮಚ, ಕೂಸಿನ ಎದೆಗೆ ತಿಕ್ಕಲು ಎರಡು ಹನಿ. ಬ್ರಾಂಡಿಯಿಂದ ಮೈ ಬೆಚ್ಚಗಾಗುವುದಿಲ್ಲ, ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಕಾವನ್ನೇ ಹೊರಗೆ ಕಳೆಯುತ್ತದೆ ಎಂದು ಮೆಡಿಕಲ್ ಓದುವ ಅಣ್ಣನ ಮಗಳು ಒಮ್ಮೆ ವಿವರಿಸಿದಳು. ಕಾಕಾ ಪೂರ್ತಿ ಕೇಳಿಸಿಕೊಂಡು, “ಖರೆ ಐತಿ ಅವ್ವಾ. ಅದಕ್ಕಽ ನೋಡು ನಾ ಮೊದಲ ಸ್ವೆಟರ್ ಹಾಕ್ಕೊತೀನಿ” ಅಂದರು.

ಅಪ್ಪನ ಕಾಲದ ಆ ಔಷಧಿಯನ್ನು ವಿದ್ಯೆಯ ಮಟ್ಟಕ್ಕೆ ಏರಿಸಿದ್ದು ಕಾಕಾನ ಸಾಧನೆ. ಸೈಡ್‌ಕಾರ್ ಅಂದರೆ ಬ್ರಾಂಡಿ, ಕಿತ್ತಳೆಯ ಲಿಕರ್, ನಿಂಬೆರಸ, ಇಷ್ಟೇ. 1922ರಲ್ಲಿ ಹ್ಯಾರಿ ಮ್ಯಾಕೆಲೋನ್, ರಾಬರ್ಟ್ ವರ್ಮೀರ್ ಎಂಬ ಇಬ್ಬರು ತಮ್ಮ ತಮ್ಮ ಪುಸ್ತಕಗಳಲ್ಲಿ ಇದನ್ನು ಅಚ್ಚು ಹಾಕಿಸಿದರು. ಮೋಟಾರ್‌ಸೈಕಲ್ಲಿನ ಪಕ್ಕದ ಗಾಡಿಯಲ್ಲಿ ಕೂತು ಬರುತ್ತಿದ್ದ ಸೈನ್ಯದ ಕ್ಯಾಪ್ಟನ್ ಒಬ್ಬನಿಗಾಗಿ ಪ್ಯಾರಿಸ್ಸಿನಲ್ಲಿ ಹುಟ್ಟಿದ್ದು ಎಂಬ ಕತೆ ಚಾಲ್ತಿಯಲ್ಲಿದೆ. ಮರಾಠಾ ಲಘು ಪದಾತಿ ದಳದ ಕೇಂದ್ರ ಬೆಳಗಾವಿಯಲ್ಲಿ ನೆಲೆ ನಿಂತದ್ದೂ 1922ರಲ್ಲೇ. ಕಾಕಾನಿಗೆ ಇಷ್ಟು ಸಾಕು. “ಆ ಕ್ಯಾಪ್ಟನ್ ಇಲ್ಲೇ ಕ್ಯಾಂಪಿನ್ಯಾಗ ಇದ್ದಿರಬೇಕು. ಪ್ಯಾರಿಸ್‌ದವ್ರು ಬರೇ ಹೆಸರ ಇಟ್ಟಾರ.”

ಅಳತೆಯ ವಿಷಯದಲ್ಲಿ ಜಗತ್ತಿಗೆ ಒಮ್ಮತವಿಲ್ಲ. ಹಳಬರು ಮೂರನ್ನೂ ಸಮಪಾಲು ಹಾಕುತ್ತಿದ್ದರು. ಅಮೆರಿಕದ ವಕೀಲ ಡೇವಿಡ್ ಎಂಬರಿ 1948ರ ತನ್ನ ಪುಸ್ತಕದಲ್ಲಿ ಬ್ರಾಂಡಿ ಎಂಟು ಪಾಲು, ನಿಂಬೆ ಎರಡು, ಲಿಕರ್ ಒಂದು ಎಂದ. ಅಂತಾರಾಷ್ಟ್ರೀಯ ಬಾರ್‌ಟೆಂಡರ್‌ಗಳ ಸಂಘದ ಲೆಕ್ಕ 50, 20, 20 ಮಿಲಿಲೀಟರ್. ಯಾರಾದರೂ ಬೇರೆ ಅಳತೆ ಎತ್ತಿದರೆ ಕಾಕಾ ಗಡಿ ವಿವಾದದ ಧಾಟಿಯಲ್ಲಿ ಕೈ ಅಡ್ಡ ಹಿಡಿಯುತ್ತಾರೆ: “ಮಹಾಜನ್ ವರದಿ ಬಂದಾದ ಮ್ಯಾಲ ಮತ್ತ ಚರ್ಚಾ ಇಲ್ಲ.” ಈ 50-20-20 ಅಳೆಯುವ ಸಾಧನ ಕೆಮ್ಮಿನ ಔಷಧಿಯ ಪ್ಲಾಸ್ಟಿಕ್ ಮುಚ್ಚಳ. 10 ಮಿಲಿಯ ಗೆರೆಗೆ ಸರಿಯಾಗಿ ಐದು ಮುಚ್ಚಳ, ಎರಡು ಮುಚ್ಚಳ, ಎರಡು ಮುಚ್ಚಳ. ಮನೆತನದ ಔಷಧಿ ಪರಂಪರೆ ಅಷ್ಟರ ಮಟ್ಟಿಗೆ ಮುಂದುವರಿದಿದೆ.

ಪುಸ್ತಕ ಬೇಡುವುದು ಕಾನ್ಯಾಕ್. ಫ್ರಾನ್ಸಿನ ಆ ಸೀಮೆಯ ದ್ರಾಕ್ಷಿ ವೈನನ್ನು ತಾಮ್ರದ ಭಟ್ಟಿಯಲ್ಲಿ ಎರಡು ಸಲ ಇಳಿಸಿ, ಓಕ್ ಪೀಪಾಯಿಯಲ್ಲಿ ಕನಿಷ್ಠ ಎರಡು ವರ್ಷ ಇಟ್ಟ ಬ್ರಾಂಡಿ ಅದು. ಕಾಕಾನ ಪಿಂಚಣಿ ಬೇಡುವುದು ಕ್ವಾರ್ಟರ್. ನಮ್ಮಲ್ಲಿ ಅಗ್ಗಕ್ಕೆ ಸಿಗುವ ಬ್ರಾಂಡಿಗಳಲ್ಲಿ ದ್ರಾಕ್ಷಿಗಿಂತ ಕಾಕಂಬಿಯ ಸ್ಪಿರಿಟ್ಟೇ ಹೆಚ್ಚು ಎಂಬುದು ಅವರಿಗೆ ಗೊತ್ತು. ಅದೂ ಅವರಿಗೆ ಅಭಿಮಾನದ ಸಂಗತಿಯೇ, ಕಬ್ಬಿನ ಜಿಲ್ಲೆಯಲ್ಲವೇ! 180 ಮಿಲಿಯ ಬಾಟಲಿಯಿಂದ ಮೂರು ಗ್ಲಾಸು ಆಗಿ 30 ಮಿಲಿ ಉಳಿಯಬೇಕು, ಆದರೆ ಎಂದೂ ಉಳಿದದ್ದಿಲ್ಲ. ಪೀಪಾಯಿಯಿಂದ ಆವಿಯಾಗಿ ಹೋಗುವುದನ್ನು ಫ್ರಾನ್ಸಿನವರು ದೇವದೂತರ ಪಾಲು ಅನ್ನುತ್ತಾರೆ. ಅಲ್ಲಿ ಅದು ವರ್ಷಕ್ಕೆ ನೂರರಲ್ಲಿ ಎರಡು ಪಾಲಿನಷ್ಟು. ಕಾಕಾನ ಅಡುಗೆಮನೆಯ ದೇವದೂತರು ತುಸು ಜೋರು.

ಕಿತ್ತಳೆಯ ಲಿಕರ್ ಗೋವಾದಲ್ಲಿ ಅಗ್ಗ. ಚೋರ್ಲಾ ಘಾಟಿನ ದಾರಿಯಲ್ಲಿ ಕಣಕುಂಬಿ ನಾಕೆ ಇದೆ, ಅಲ್ಲಿ ಅಬಕಾರಿಯವರು ಇರುತ್ತಾರೆ, ಇದ್ದದ್ದನ್ನು ಇದ್ದಂತೆ ಹೇಳಿಬಿಡುವ ಹೆಂಡತಿ, ಅಂದರೆ ಕಾಕು, ಕಾರಿನಲ್ಲಿ ಪಕ್ಕದಲ್ಲೇ ಇರುತ್ತಾರೆ. ಹಾಗಾಗಿ ಕಾಕಾ ಮನೆಯಲ್ಲೇ ಮಾಡುತ್ತಾರೆ. ನಾಗಪುರ ಕಿತ್ತಳೆಯ ಸಿಪ್ಪೆಯ ಬಿಳಿ ಭಾಗ ಕೆರೆದು ತೆಗೆದು, ಸಕ್ಕರೆ ಬೆರೆಸಿ ಕಿವುಚಿ ಮುಚ್ಚಿಟ್ಟರೆ ರಾತ್ರಿ ಕಳೆಯುವುದರೊಳಗೆ ಸಿಪ್ಪೆ ತನ್ನ ಎಣ್ಣೆ ಬಿಟ್ಟು ಸಕ್ಕರೆ ಒದ್ದೆಯಾಗುತ್ತದೆ. ಅದಕ್ಕೆ ಬ್ರಾಂಡಿ ಸುರಿದು ಎರಡು ದಿನ ಬಿಟ್ಟು ಸೋಸಬೇಕು. ಬಿಳಿ ಭಾಗ ಉಳಿದರೆ ಕಹಿ. ವಿಧಾನ ಚೊಕ್ಕವಾಗಿದೆ. ತೊಡಕು ಇರುವುದು ಸಿಪ್ಪೆಯ ಒಡೆತನದಲ್ಲಿ.

“ಅಲ್ರೀ, ಮಾರಿಗೆ ಹಚ್ಚಾಕಂತ ಒಣಗಿಸಬೇಕಂದ್ರ ಸಿಪ್ಪಿನಽ ಇಲ್ಲಲ್ಲ?”

“ಹಣ್ಣ ನೀನಽ ತಿನ್ನು,” ಎಂದು ಕಾಕಾ ಉದಾರವಾಗಿ ಹೇಳುತ್ತಾರೆ.

ಪ್ರದರ್ಶನ ಶನಿವಾರ ಸಂಜೆ. ಪುಣೆಯಿಂದ ಬಂದ ಅಳಿಯ, ರಿಟೈರ್ ಆದ ಸುಭೇದಾರ್ ಮಾಮಾ, ಬಟ್ಟಲಲ್ಲಿ ಹುರಿದ ಶೇಂಗಾ. ಗ್ಲಾಸಿನ ಅಂಚಿಗೆ ನಿಂಬೆ ಸವರಿ ಸಕ್ಕರೆಯಲ್ಲಿ ಹೊರಳಿಸಿ ಇಟ್ಟಾಗಿದೆ. ಮೊದಲೊಮ್ಮೆ ಖಾನಾಪುರದ ಮಣ್ಣಿನ ಬಟ್ಟಲುಗಳನ್ನು ತಂದಿದ್ದರು. ಕುಂಬಾರಿಕೆಗೆ ಹೆಸರಾದ ಆ ಊರಿನ ಮಣ್ಣು ಅತಿಥಿಗಳಿಗಿಂತ ಮೊದಲು ತಾನೇ ಕುಡಿಯತೊಡಗಿದ್ದರಿಂದ ಈಗ ಗಾಜು. ಶೇಕರ್ ಎಂದರೆ ಕಾಕುವಿನ ಶೇಂಗಾ ಚಟ್ನಿಯ ಸ್ಟೀಲ್ ಡಬ್ಬಿ. ಎಷ್ಟು ತೊಳೆದರೂ ಬೆಳ್ಳುಳ್ಳಿ ಅದನ್ನು ಬಿಟ್ಟು ಹೋಗಿಲ್ಲ. ಐಸ್ ತುಂಬಿ, ಮುಚ್ಚಳ ಒತ್ತಿ, ಟವೆಲ್ ಸುತ್ತಿ ಕಾಕಾ ಕಣ್ಣು ಮುಚ್ಚಿ ಹದಿನೈದು ಸೆಕೆಂಡು ಅಲುಗಿಸುತ್ತಾರೆ, ಭಜನೆಯಲ್ಲಿ ತಾಳ ಹಾಕುವವರಂತೆ. ಐಸ್ ಕರಗಿ ಸೇರುವ ನೀರೂ ಪಾಕದ ಲೆಕ್ಕದಲ್ಲೇ ಇದೆ, ಅದಿಲ್ಲದಿದ್ದರೆ ನಾಲಿಗೆ ಸುಡುತ್ತದೆ ಎಂಬ ಅವರ ಉಪದೇಶ ಸರಿಯಾದದ್ದೇ. ಆದರೆ ಅಷ್ಟರಲ್ಲಿ ಡಬ್ಬಿಯೊಳಗಿನ ಗಾಳಿ ತಣ್ಣಗಾಗಿ ಕುಗ್ಗಿ ಮುಚ್ಚಳವನ್ನು ಒಳಕ್ಕೆ ಎಳೆದುಕೊಂಡಿರುತ್ತದೆ. ಕಾಕಾ ತಿರುವಿದರು, ಅಳಿಯ ಎಳೆದ. ಸುಭೇದಾರ್ ಮಾಮಾ ಎರಡು ಮೊಣಕಾಲ ನಡುವೆ ಡಬ್ಬಿ ಸಿಕ್ಕಿಸಿಕೊಂಡು ಹಲ್ಲು ಕಚ್ಚಿದರು. ಕೊನೆಗೆ ಕಾಕು ಲಟ್ಟಣಿಗೆ ತಂದು ಅಂಚಿಗೆ ಒಂದೇ ಏಟು ಹಾಕಿದರು, ಟಪ್ಪಂತ ಬಿಚ್ಚಿತು.

“ಚಟ್ನಿ ಹಾಕಿದಾಗ ಇದು ಎಂದೂ ಹಿಂಗ ಮಾಡಿಲ್ಲ ನೋಡ್ರಿ.”

ಚಹಾ ಸೋಸುವ ಜಾಳಿಗೆಯಲ್ಲಿ ಸೋಸಿ ಕೊಟ್ಟದ್ದು ತಿಳಿ ಹೊನ್ನಿನ ಬಣ್ಣದ, ನಿಜಕ್ಕೂ ರುಚಿಯಾದ ಪೇಯ. ಮೊದಲು ಸಕ್ಕರೆ, ಆಮೇಲೆ ಹುಳಿ, ಹಿಂದಿನಿಂದ ಬ್ರಾಂಡಿಯ ಕಾವು, ಎಲ್ಲಕ್ಕೂ ಕೊನೆಗೆ ತುಸು ಬೆಳ್ಳುಳ್ಳಿ. ಹೇಗೆ ಸಣ್ಣ ಗುಟುಕಿನಲ್ಲಿ ಸವಿಯಬೇಕೆಂದು ಕಾಕಾ ವಿವರಿಸುತ್ತಿರುವಾಗಲೇ ಕ್ಯಾಂಟೀನ್ ರಮ್ಮಿಗೆ ಒಗ್ಗಿದ ಸುಭೇದಾರ್ ಮಾಮಾ ಒಂದೇ ಸಲಕ್ಕೆ ಇಳಿಸಿ ಮೀಸೆ ಒರೆಸಿಕೊಂಡರು.

“ಛಲೋ ಐತ್ರಿ. ಇನ್ನ ಸುರು ಮಾಡೂನೇನು?”

ಕಾಕಾ ಎದೆಗುಂದಲಿಲ್ಲ. ಅವರ ಕಣ್ಣು ಈಗಾಗಲೇ ಮುಂದಿನ ಶನಿವಾರದ ಮೇಲಿತ್ತು: ಬ್ರಾಂಡಿ ಅಲೆಕ್ಸಾಂಡರ್. ಬ್ರಾಂಡಿ, ಕೋಕೋ ಲಿಕರ್, ತಾಜಾ ಕೆನೆ ತಲಾ 30 ಮಿಲಿ, ಮೇಲೆ ತುರಿದ ಜಾಜಿಕಾಯಿ. ಫೋನಿನಿಂದ ಗಟ್ಟಿಯಾಗಿ ಓದುತ್ತಿದ್ದಂತೆ ಒಳಗೆ ಫ್ರಿಜ್ಜಿನ ಬಾಗಿಲು ತೆರೆದ ಸಪ್ಪಳವಾಯಿತು. ತುಪ್ಪಕ್ಕೆಂದು ದಿನವೂ ಕೂಡಿಡುತ್ತಿದ್ದ ಕೆನೆಯ ಪಾತ್ರೆಯನ್ನು ಕಾಕು ಹಿಂದಿನ ಮೂಲೆಗೆ ಸರಿಸಿ, ಮುಂದೆ ದೋಸೆ ಹಿಟ್ಟಿನ ದೊಡ್ಡ ಪಾತ್ರೆ ನಿಲ್ಲಿಸಿದರು.

“ಜಾಜಿಕಾಯಿ ಎಷ್ಟ ಬೇಕೋ ಅಷ್ಟ ತಗೋರಿ,” ಎಂದು ಅಲ್ಲಿಂದಲೇ ಕೂಗಿದರು. “ಕೂಸಿನ ಔಷಧಿ ಡಬ್ಬ್ಯಾಗ ಐತಿ.”