ಲಂಟಾನದ ಸೇವಾ ಪುಸ್ತಕ

ಲಂಟಾನ ಅಮೆರಿಕ ಖಂಡದ ಉಷ್ಣವಲಯದ ಪೊದೆ. 19ನೇ ಶತಮಾನದ ಆರಂಭದಲ್ಲಿ ಅಲಂಕಾರದ ಗಿಡವಾಗಿ ಭಾರತಕ್ಕೆ ಬಂದು, ನೇಮಕಾತಿ ಆದೇಶವಿಲ್ಲದೆಯೇ ಕಾಡು ಸೇರಿತು. ಬಿಳಿಗಿರಿರಂಗನಬೆಟ್ಟ ಮತ್ತು ಮಲೆಮಹದೇಶ್ವರ ಬೆಟ್ಟದ ಕಾಡುಗಳ ನಡುವಿನ ಲೊಕ್ಕನಹಳ್ಳಿಯಲ್ಲಿ ಇಂಥ ಒಂದು ಪೊದೆಯನ್ನು, ಸರ್ಕಾರದ ಪರಿಸರ ಸಂರಕ್ಷಣೆಯಲ್ಲಿ ವಿಜ್ಞಾನ ಓದಿದವರಿಗಿರುವ ಉದ್ಯೋಗಗಳ ಬಗ್ಗೆ ಸಂದರ್ಶಿಸಲಾಯಿತು. ವರ್ಗಾವಣೆಯಿಲ್ಲದೆ ಇಷ್ಟು ಕಾಲ ಕಾಡಿನಲ್ಲುಳಿದ ಬೇರೆ ಅನುಭವಿ ಸಿಗಲಿಲ್ಲ.

ಪ್ರಶ್ನೆ: ಏನು ಓದಿರಬೇಕು?

ಪೊದೆ ಬಾಯಿಪಾಠ ಒಪ್ಪಿಸಿತು. ಭಾರತೀಯ ಅರಣ್ಯ ಸೇವೆಗೆ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಭೂವಿಜ್ಞಾನ, ಅರಣ್ಯಶಾಸ್ತ್ರ ಮುಂತಾದವುಗಳಲ್ಲಿ ಪದವಿ. ಬಳಿಕ 4 ಗಂಟೆಯಲ್ಲಿ ಪುರುಷರು 25 ಕಿ.ಮೀ., ಮಹಿಳೆಯರು 14 ಕಿ.ಮೀ. ನಡೆಯಬೇಕು. ಆರ್‌ಎಫ್‌ಓ (ವಲಯ ಅರಣ್ಯಾಧಿಕಾರಿ) ಆಗಬೇಕೆನ್ನುವವರು ಶಿರಸಿ, ಪೊನ್ನಂಪೇಟೆಯ ಅರಣ್ಯ ಕಾಲೇಜುಗಳಿಗೆ ಹೋಗುತ್ತಾರೆ. ನೀರು, ಗಾಳಿ ಪರೀಕ್ಷಿಸುವವರಿಗೆ 1974ರಲ್ಲಿ ಹುಟ್ಟಿದ ಮಾಲಿನ್ಯ ನಿಯಂತ್ರಣ ಮಂಡಳಿಯಿದೆ. ಪೊದೆಗೆ ಮಾತ್ರ ನಡಿಗೆ ಪರೀಕ್ಷೆಯಿಲ್ಲ. ಹಣ್ಣು ತಿಂದ ಹಕ್ಕಿಗಳೇ ಬೀಜ ಸಾಗಿಸುತ್ತವೆ, ಪ್ರಯಾಣ ಭತ್ಯೆ ಕೇಳುವುದಿಲ್ಲ.

ಪ್ರಶ್ನೆ: ಬಡ್ತಿ?

1997ರಿಂದ 2008ರೊಳಗೆ ಬಿಳಿಗಿರಿಯಲ್ಲಿ ಸಂಶೋಧಕರು ಅಳೆದ ತಾಣಗಳ ಪೈಕಿ ಲಂಟಾನವಿದ್ದವು ಸುಮಾರು ದುಪ್ಪಟ್ಟಾದವು. ಅಳೆದದ್ದು ಬೆಂಗಳೂರಿನ ಏಟ್ರೀ ಸಂಸ್ಥೆ, ಅರಣ್ಯ ಇಲಾಖೆಯಲ್ಲ. ಇದನ್ನು ಪೊದೆ ಎರಡು ಸಲ ಹೇಳಿತು. ಇಲಾಖೆಯಾದರೋ ಹುಲಿ ಮೀಸಲುಗಳಲ್ಲಿ ಜೀವವಿಜ್ಞಾನಿಗಳನ್ನು ಹೆಚ್ಚಾಗಿ ಗುತ್ತಿಗೆಯ ಮೇಲೆ ತೆಗೆದುಕೊಳ್ಳುತ್ತದೆ. ಕಾಡು ಪರಿಚಯವಾಗುವ ಹೊತ್ತಿಗೆ ಗುತ್ತಿಗೆ ಮುಗಿದಿರುತ್ತದೆ. ಹೊಸಬರು ಬಂದಾಗ ಪೊದೆ ಮೊದಲಿನಿಂದ ತನ್ನ ಪರಿಚಯ ಹೇಳಿಕೊಳ್ಳಬೇಕು.

ಪ್ರಶ್ನೆ: ಈ ಏಳಿಗೆ ಯಾರ ಕೃಪೆ?

ಈ ಬೆಟ್ಟಗಳ ಆದಿವಾಸಿಗಳಾದ ಸೋಲಿಗರು ಒಣಗಿದ ತರಗೆಲೆಗೆ ಹಚ್ಚುತ್ತಿದ್ದ ಸಣ್ಣ ಬೆಂಕಿಗೆ ತರಗು ಬೆಂಕಿ ಎಂದು ಹೆಸರು. ಅದು ಲಂಟಾನದ ಎಳೆ ಸಸಿಗಳನ್ನು ಸುಟ್ಟು ಹದ್ದುಬಸ್ತಿನಲ್ಲಿಡುತ್ತಿತ್ತು ಎನ್ನುತ್ತಾರೆ ಅವರು. 1974ರಲ್ಲಿ ಬಿಳಿಗಿರಿ ಅಭಯಾರಣ್ಯವಾಯಿತು, ಬೆಂಕಿ ನಿಷಿದ್ಧವಾಯಿತು. ನಿಷೇಧಿಸಿದವರಿಗೆ ತಾನು ಋಣಿ ಎಂದು ಪೊದೆ ತಲೆ ಬಾಗಿಸಿತು, ಗಾಳಿಯೂ ಇದ್ದಿರಬಹುದು. 2011ರಲ್ಲಿ ಅಲ್ಲಿನ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಗಳು ಸಿಕ್ಕವು. ಬೆಂಕಿಯ ಅರಿವು ಮಾತ್ರ ಅರಣ್ಯ ಸೇವೆಯ ಅರ್ಹತೆಯ ಪಟ್ಟಿ ಸೇರಿಲ್ಲ. ಅದನ್ನು ಬಲ್ಲವರಿಗೆ ದಕ್ಕುವುದು ಹೆಚ್ಚಾಗಿ ದಿನಗೂಲಿ: ಬೆಂಕಿ ಕಾಯುವುದು, ಲಂಟಾನ ಕಡಿಯುವುದು.

ಪ್ರಶ್ನೆ: ನಿವೃತ್ತಿ?

ಮಲೆಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಲಂಟಾನದ ಕಡ್ಡಿ ಬೇಯಿಸಿ, ಸಿಪ್ಪೆ ತೆಗೆದು, ಪೀಠೋಪಕರಣ ಮಾಡುವುದನ್ನು ಕಲಿತಿದ್ದಾರೆ. ತನ್ನ ಕೆಲವು ನೆಂಟರು ಹೀಗೆ ಕುರ್ಚಿಗೇರಿದ್ದಾರೆ, ಅಂದರೆ ಕುರ್ಚಿಯೇ ಆಗಿದ್ದಾರೆ ಎಂದಿತು ಪೊದೆ. ಬೇರು ಉಳಿದರೆ ಮಳೆಗೆ ಮತ್ತೆ ಚಿಗುರುವ ಕಾರಣ, ಪಿಂಚಣಿಗೆ ಅರ್ಜಿ ಹಾಕುವ ಯೋಚನೆ ಅದಕ್ಕಿಲ್ಲ.