ಹಿಡಿದು ಬಿಟ್ಟ ಪುಣ್ಯ

(ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ನದಿ. ಸಿಯಾಟಲ್‌ನ ಟೆಕ್ಕಿ ಮಗ ಸೊಂಟಮಟ್ಟ ನೀರಲ್ಲಿ. ಮಂಡ್ಯದಿಂದ ಬಂದ ಅಪ್ಪ ದಂಡೆಯಲ್ಲಿ.)

ಅಪ್ಪ: ಗಾಳಕ್ಕೆ ಎರೆಹುಳ ಸಿಕ್ಕಿಸಿದ್ಯೇನ್ಲಾ?

ಮಗ: ಇಲ್ಲಿ ಹುಳ ಹಾಕಂಗಿಲ್ಲಪ್ಪ. ಇದು ಪುಕ್ಕ, ದಾರ ಸುತ್ತಿದ ಸುಳ್ಳು ಹುಳ.

ಅಪ್ಪ: ಓಹೋ, ಮೋಸ ಮಾಡಬೋದು, ಊಟ ಹಾಕಂಗಿಲ್ಲ!

ಮಗ: ಕೊಕ್ಕೆ ಒಂದೇ ಇರ್ಬೇಕು, ಅದಕ್ಕೂ ಹಿಮ್ಮುಳ್ಳು ಇರ್ಬಾರ್ದು. ಮೀನಿಗೆ ನೋವು ಕಮ್ಮಿ.

ಅಪ್ಪ: ನೀನು ಮನೇಲಿದ್ದಿದ್ರೆ ಇನ್ನೂ ಕಮ್ಮಿ. ಹೋಗ್ಲಿ, ಸಾರಿಗೋ, ಫ್ರೈಗೋ?

ಮಗ: ಛೆ! ಕಾಡು ಸ್ಟೀಲ್‌ಹೆಡ್ ಮೀನು ಇದು. ಹಿಡಿದ ತಕ್ಷಣ ಬಿಡ್ಬೇಕು, ನೀರಿಂದ ಪೂರ್ತಿ ಎತ್ತಂಗೂ ಇಲ್ಲ. 2007ರಿಂದ ಅಳಿವಿನ ಭಯವಿರೋ ಪಟ್ಟೀಲಿದೆ.

ಅಪ್ಪ: ಅದಕ್ಕೇ ಆಗಾಗ ಹಿಡಿದು ನೋಡ್ತೀರಾ, ಇನ್ನೂ ಅದೋ ಇಲ್ವೋ ಅಂತ?

ಮಗ: ತಿನ್ನೋರಿಗೆ ಬೇರೆ ಹೊಳೆಗಳಲ್ಲಿ ಸಾಕಿ ಬಿಟ್ಟ ಹ್ಯಾಚರಿ ಮೀನಿದೆ. ಬೆನ್ನಿನ ಪುಟ್ಟ ರೆಕ್ಕೆ ಕತ್ತರಿಸಿ ಗುರುತು ಮಾಡಿರ್ತಾರೆ.

ಅಪ್ಪ: ಸಾಕಿದ್ದನ್ನ ತಿನ್ನದು, ಸಾಕ್ದೇ ಇರೋದನ್ನ ಮುದ್ದಾಡದು!

ಮಗ: ಇನ್ನೊಂದು ಜಗಳಾನೂ ಇದೆಯಪ್ಪ. ದೋಣಿಯಿಂದ ಹಿಡಿಯೋದು ಅಧರ್ಮ ಅಂತೀವಿ ನೀರಲ್ಲಿ ನಿಲ್ಲೋ ನಾವು. ನೀರಿಗಿಳಿದು ಮೀನಿನ ಮೊಟ್ಟೆ ತುಳಿಯೋದು ಅಧರ್ಮ ಅಂತಾರೆ ದೋಣಿಯವರು.

ಅಪ್ಪ: ಪಂಚಾಯ್ತಿಗೆ ಮೀನಿನ ಕಡೆಯೋರು ಯಾರೂ ಬರ್ಲಿಲ್ವಾ? ಅಂದಂಗೆ, ಈ ಕೋಲು, ಬೂಟು ಎಷ್ಟಾಯ್ತು?

ಮಗ: ಸಾವಿರ ಡಾಲರ್ ಮೇಲೆ.

ಅಪ್ಪ: ನೀನೇನೋ ಹಿಡಿದದ್ದನ್ನ ಬಿಡ್ತೀಯ, ಸರಿ. ಅಂಗಡಿಯೋನು ಬಿಟ್ಟಂಗೆ ಕಾಣಲ್ವಲ್ಲ ಮಗಾ!